ಏಳನೇ ನಂಬರಿನ ಮಗ್ಗು

ಜೂನ್ ತಿಂಗಳ ಒಂದು ಸೋಮವಾರ ಸೊಸೆ ಲೋರೀನ್ ಪೇಟೆಯಿಂದ ಹೊಸ ಬಾಣಲೆ ತಂದು, ಅದರ ಹಿಡಿಗೆ ಕೆಂಪು ಪಟ್ಟಿ ಸುತ್ತಿ, "ಅತ್ತೆ, ಇದನ್ನ ಮಾತ್ರ ನೀವು ಮುಟ್ಟಬೇಡಿ" ಎಂದಳು. ಯಾಕೆ, ಏನು, ಒಂದೂ ಹೇಳಲಿಲ್ಲ. ಮರುವಾರ ಕೆಂಪು ಪಟ್ಟಿಯ ಸೌಟು ಬಂತು. ಅದರ ಮರುವಾರ ಕೆಂಪು ಪಟ್ಟಿಯ ಬೆಣ್ಣೆ ಡಬ್ಬಿ ಬಂತು.

ಐಲಿ ಕಂಗಾಸ್‌ಗೆ ಆಗ ಎಪ್ಪತ್ತನಾಲ್ಕು ವರ್ಷ. ಕಾಪರ್ ಕ್ರೀಕ್ ಶಾಲೆಯ ಅಡಿಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಊರಿನ ಅರ್ಧ ಜನ ಅವಳ ಕೈಯಡಿಗೆ ಉಂಡೇ ಬೆಳೆದವರು. ಅಂಥವಳಿಗೆ ತನ್ನ ಮನೆಯಲ್ಲೇ ಒಂದು ಬಾಣಲೆ ಮುಟ್ಟಬೇಡ ಎಂದರೆ ಹೇಗಾಗಬೇಡ! ಮನೆಗೆ ಬಂದು ಇಪ್ಪತ್ತೆರಡು ವರ್ಷವಾದ ಮೇಲೆ ಸೊಸೆ ಒಲೆ ಬೇರೆ ಮಾಡಲು ಹೊರಟಿದ್ದಾಳೆ ಎಂದು ಐಲಿ ತೀರ್ಮಾನಿಸಿಬಿಟ್ಟಳು. ತೀರ್ಮಾನಿಸಿದ್ದನ್ನು ಯಾರಿಗೂ ಹೇಳಲಿಲ್ಲ. ಫಿನ್ಲೆಂಡಿನಿಂದ ವಲಸೆ ಬಂದ ಆ ಊರಿನ ಫಿನ್ನಿಷ್ ಮನೆಗಳಲ್ಲಿ ಹವಾಮಾನದ ಬಗ್ಗೆ, ಸೌದೆಯ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಬಹುದು, ಮನಸ್ಸಿನಲ್ಲಿರುವುದನ್ನು ಮಾತ್ರ ಎದುರಿನವರೇ ಊಹಿಸಿಕೊಳ್ಳಬೇಕು. ಹಾಗಾಗಿ ಐಲಿ ತನ್ನ ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡಳು. ಬುಧವಾರ ಶನಿವಾರ ಮಾತ್ರ ಮಾಡುತ್ತಿದ್ದ ನಿಸುವನ್ನು ಈಗ ಸೋಮವಾರವೂ ಮಾಡತೊಡಗಿದಳು. ನಿಸು ಎಂದರೆ ಏಲಕ್ಕಿ ಕುಟ್ಟಿ ಹಾಕಿ, ಹಿಟ್ಟನ್ನು ಜಡೆಯಂತೆ ಹೆಣೆದು ಸುಡುವ ಸಿಹಿ ಬ್ರೆಡ್. ಅವಳ ಅಜ್ಜಿ ಹಡಗು ಹತ್ತಿ ಬರುವಾಗ ಜೊತೆಗೆ ತಂದದ್ದು ಇದೊಂದೇ ಆಸ್ತಿ.

ಮಗ ಡೇಲ್‌ನ ಊಟದ ಡಬ್ಬಿಗೆ ದಿನವೂ ಅದರಲ್ಲಿ ಅರ್ಧ ಹೋಗುತ್ತಿತ್ತು. ಅವನು ರಸ್ತೆ ಇಲಾಖೆಯವನು. ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಾನೆ, ಬೇಸಿಗೆಯಲ್ಲಿ ರಸ್ತೆಯ ಗುಂಡಿ ಮುಚ್ಚುತ್ತಾನೆ. ಸಂಜೆ ಡಬ್ಬಿ ಖಾಲಿಯಾಗಿ ಬರುತ್ತಿತ್ತು. "ಚೆನ್ನಾಗಿತ್ತೇನೋ?" ಎಂದರೆ "ಹ್ಞೂಂ ಅಮ್ಮ" ಎನ್ನುತ್ತಿದ್ದ. ಆದರೂ ನಲವತ್ತೆಂಟರ ಮಗ ತಿಂಗಳಿಂದ ತಿಂಗಳಿಗೆ ಸಣ್ಣಗಾಗುತ್ತಿದ್ದ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡ, ಆಮೇಲೆ ಇನ್ನೊಂದು. ಮಂಗಳವಾರ ಸಂಜೆಯಾದರೆ ಕಾರು ಹತ್ತಿ ಪಕ್ಕದ ದೊಡ್ಡ ಊರು ಮಾರ್ಕ್ವೆಟ್‌ಗೆ ಹೋಗುತ್ತಿದ್ದ. ಕೇಳಿದರೆ, "ಕೆಲಸದ ಪಾಠ" ಎನ್ನುತ್ತಿದ್ದ.

ಇನ್ನೊಂದು ವಿಚಿತ್ರವೂ ನಡೆದಿತ್ತು. ಡೇಲ್ 'ಮೂರನೇ ಸುರಂಗ'ಕ್ಕೆ ಹೋಗುವುದನ್ನು ಬಿಟ್ಟಿದ್ದ.

ಮೂರನೇ ಸುರಂಗ ಊರಿನ ಬಿಯರ್ ಮನೆ. ಗಣಿ ನಡೆಯುತ್ತಿದ್ದ ಕಾಲಕ್ಕೆ ಗಣಿಯವರು ಬಟ್ಟೆ ಬದಲಿಸುತ್ತಿದ್ದ ಕಟ್ಟಡದಲ್ಲಿ ಗಸ್ ಪೆಲ್ಕಿ ಎಂಬವನು ಹನ್ನೊಂದು ವರ್ಷದ ಹಿಂದೆ ಎರಡು ತಾಮ್ರದ ಹಂಡೆ ಇಟ್ಟು ಬಿಯರ್ ಕಾಯಿಸಲು ಶುರುಮಾಡಿದ. ಮೊದಲು ಬೆನ್ನಿಗೆ ನಿಂತ ಗೆಳೆಯರಿಗೆಲ್ಲ ಒಂದೊಂದು ಮಣ್ಣಿನ ಮಗ್ಗು, ಅದರ ಮೇಲೊಂದು ನಂಬರು. ಡೇಲ್‌ನದು ಏಳು. ಮಗ್ಗುಗಳು ಗೋಡೆಯ ಕೊಕ್ಕೆಗಳಲ್ಲಿ ನೇತಾಡುತ್ತವೆ, ಬಂದವರು ತಮ್ಮದನ್ನು ತಾವೇ ಇಳಿಸಿಕೊಳ್ಳುತ್ತಾರೆ. ಒಂದು ತಿಂಗಳು ಯಾರೂ ಮುಟ್ಟದ ಮಗ್ಗನ್ನು ಗಸ್ ನಂಬರು ಗೋಡೆಗೆ ತಾಗುವಂತೆ ತಿರುಗಿಸಿಡುತ್ತಾನೆ. ಇವನಿಗೇನಾಯಿತು, ವಿಚಾರಿಸಿ ಎಂದು ಅದರ ಅರ್ಥ. ಯಾರದೋ ಮನೆಗೆ ಬೆಂಕಿ ಬಿದ್ದರೆ, ಶಾಲೆಯ ಬ್ಯಾಂಡಿಗೆ ತುತ್ತೂರಿ ಬೇಕಾದರೆ, ಯಾರಾದರೂ ಹಾಸಿಗೆ ಹಿಡಿದರೆ, ಅಲ್ಲೇ ಒಂದು ಸಂಜೆ ಇಡುತ್ತಾರೆ. ಊರೆಲ್ಲ ಬಂದು ಕುಡಿಯುತ್ತದೆ, ಪ್ರತಿ ಮಗ್ಗಿನಲ್ಲಿ ಇಷ್ಟೆಂದು ಆ ಕೆಲಸಕ್ಕೆ ಹೋಗುತ್ತದೆ. ಕುಡಿದು ಪುಣ್ಯ ಕಟ್ಟಿಕೊಳ್ಳುವ ಊರು ಎಂದು ಐಲಿ ಹಂಗಿಸುತ್ತಿದ್ದಳು. ಅವಳ ಚರ್ಚಿನವರು ಮದ್ಯ ಮುಟ್ಟುವವರಲ್ಲ. ಗಂಡ ರೈನೋ ಮುಟ್ಟುತ್ತಿದ್ದ, ಮಗ ಮುಟ್ಟುತ್ತಿದ್ದ, ಮೊಮ್ಮಗಳು ಬ್ರಿಟಾ ಈಗ ಅಲ್ಲೇ ಊಟ ಬಡಿಸುವ ಕೆಲಸಕ್ಕಿದ್ದಾಳೆ. ಐಲಿ ಮಾತ್ರ ಆ ಬಾಗಿಲು ದಾಟಿದವಳಲ್ಲ.

ದಾಟಿರದಿದ್ದರೂ ಒಳಗಿನ ಒಂದು ಹಲಗೆಯ ಸುದ್ದಿ ಅವಳಿಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಪ್ರವಾಸಕ್ಕೆ ಬಂದ ಹುಡುಗಿಯೊಬ್ಬಳು, "ಗೋಧಿ, ಬಾರ್ಲಿ ನನಗೆ ಆಗಲ್ಲ, ಬೇರೆ ಏನಾದ್ರೂ ಇದೆಯಾ?" ಎಂದು ಕೇಳಿದ್ದಳಂತೆ. ಬಿಯರ್ ಆಗುವುದೇ ಬಾರ್ಲಿಯಿಂದ, ಅವಳು ಹೋದ ಮೇಲೆ ನಗೆಯೋ ನಗೆ. ಮರುದಿನ ಡೇಲ್ ದೇವದಾರು ಹಲಗೆಯೊಂದರ ಮೇಲೆ ಚಂದವಾಗಿ ಕೆತ್ತಿ ತಂದು ಕೌಂಟರಿನ ಮೇಲೆ ತೂಗುಹಾಕಿದ: 'ಬಾರ್ಲಿ ಆಗದವರಿಗೆ ಎದುರಿಗೇ ಕೆರೆ ಇದೆ.' ಎದುರಿಗಿರುವುದು ಸಮುದ್ರದಷ್ಟು ದೊಡ್ಡ ಸುಪೀರಿಯರ್ ಸರೋವರ. ಆ ಜೋಕು ವರ್ಷವಿಡೀ ನಡೆಯಿತು.

ಆಗಸ್ಟ್ ಕೊನೆಯ ವಾರ ಐಲಿ ಅಂಚೆಕಚೇರಿಗೆ ಹೋದಾಗ ಬಾಗಿಲ ಗಾಜಿನ ಮೇಲೆ ತನ್ನ ಮಗನ ಫೋಟೋ ಕಂಡಳು. ಜಿಂಕೆ ಬೇಟೆಯ ಟೊಪ್ಪಿ ಹಾಕಿಕೊಂಡು ನಗುತ್ತಿದ್ದ. ಕೆಳಗೆ ಬರೆದಿತ್ತು: 'ಡೇಲ್ ಕಂಗಾಸ್‌ಗಾಗಿ ಒಂದು ಸಂಜೆ. ಸೆಪ್ಟೆಂಬರ್ ಕೊನೆಯ ಶುಕ್ರವಾರ, ಮೂರನೇ ಸುರಂಗದಲ್ಲಿ. ಊರ ಹಿತ್ತಲಿನ ಹಾಪ್ಸ್ ಹೂ ಹಾಕಿದ ಹೊಸ ಬಿಯರ್. ಪ್ರತಿ ಮಗ್ಗಿಗೆ ಎರಡು ಡಾಲರ್ ಅವನ ಚಿಕಿತ್ಸೆಗೆ. ಲಾಟರಿ ಉಂಟು, ಗೆದ್ದವರಿಗೆ ಮಾಂಸ. ಧೈರ್ಯವಾಗಿರು, ಡೇಲ್!'

ಒಳಗಿನಿಂದ ಅಂಚೆಯವಳು ಓಡಿಬಂದು ಐಲಿಯ ಕೈ ಹಿಡಿದುಕೊಂಡಳು. "ನಾವೆಲ್ಲ ಇದ್ದೀವಿ ಐಲಿ, ನೀನು ಒಬ್ಬಳೇ ಅಂದ್ಕೋಬೇಡ."

ಐಲಿ ತಲೆಯಾಡಿಸಿದಳು. ಯಾವುದಕ್ಕೆ ಇದ್ದಾರೆ, ಏನಾಗಿದೆ, ಒಂದೂ ತಿಳಿಯದೆ ಸ್ಟಾಂಪು ಕೊಳ್ಳುವುದನ್ನೇ ಮರೆತು ಮನೆಗೆ ಬಂದಳು.

ಅಂದು ರಾತ್ರಿಯೂಟಕ್ಕೆ ಪ್ಯಾಸ್ಟಿ ಮಾಡಿದ್ದಳು. ಗೋಧಿಹಿಟ್ಟಿನ ದೊಡ್ಡ ಕಡುಬು, ಒಳಗೆ ಮಾಂಸ, ಆಲೂಗೆಡ್ಡೆ. ಎಲ್ಲರೂ ಕೂತ ಮೇಲೆ ಕೇಳಿಯೇಬಿಟ್ಟಳು.

"ಡೇಲ್, ನಿಂಗೇನಾಗಿದೆ?"

"ಏನಾಗಿದೆ ಅಂದ್ರೆ?"

"ಪೋಸ್ಟಾಫೀಸಿನ ಗಾಜಿಗೆ ನಿನ್ನ ಫೋಟೋ ಅಂಟಿಸಿದಾರೆ. ಅಲ್ಲಿ ಫೋಟೋ ಬರೋದು ಎರಡೇ ಥರದವರದ್ದು, ಪೊಲೀಸ್ರು ಹುಡುಕೋ ಕಳ್ಳರದ್ದು, ಸಾಯೋರದ್ದು. ನೀನೇನೂ ಬ್ಯಾಂಕ್ ದೋಚಿಲ್ಲ ತಾನೇ?"

ಡೇಲ್‌ನ ಮುಖ ಸುಣ್ಣವಾಯಿತು. ಅವನಿಗೂ ಅದು ಹೊಸ ಸುದ್ದಿ. ಮೇಜಿನ ಆ ಕಡೆ ಹತ್ತೊಂಬತ್ತರ ಬ್ರಿಟಾ ಚಮಚ ಕೆಳಗಿಟ್ಟಳು.

"ಅಪ್ಪಾ, ನಾನೇನೂ ಬೇಕಂತ ಹೇಳಿದ್ದಲ್ಲ. ಗಸ್ ಕೇಳಿದ, ನಿಮ್ಮಪ್ಪನ ಮಗ್ಗು ಗೋಡೆಗೆ ತಿರುಗಿ ತಿಂಗಳಾಯ್ತಲ್ಲಾ ಅಂತ. ಮಂಗಳವಾರ ಮಂಗಳವಾರ ಮಾರ್ಕ್ವೆಟ್ ಆಸ್ಪತ್ರೆಗೆ ಹೋಗ್ತಾರೆ ಅಂದೆ. ಕಾರಲ್ಲಿ ಪಾರ್ಕಿಂಗ್ ಚೀಟಿ ನೋಡಿದ್ದೆ. ಅಷ್ಟೇ."

"ಅಷ್ಟೇನಾ?"

"ಸಣ್ಣ ಆಗಿದಾರೆ ಅಂದೆ. ಆಮೇಲೆ... ನಂಗೆ ಅಳು ಬಂತು."

"ನೀನು ಅತ್ತುಬಿಟ್ಟೆ ಅಂದ್ರೆ ಮುಗೀತು ಬಿಡು" ಎಂದಳು ಲೋರೀನ್. "ಮಾರ್ಜ್ ಬೋವಿನ್ ಅಲ್ಲಿದ್ಲಾ?"

"ಇದ್ಲು."

"ಊರಿಗೆಲ್ಲ ಆಯ್ತು."

ಐಲಿ ಮಗನನ್ನೇ ನೋಡುತ್ತಿದ್ದಳು. "ಕೆಲಸದ ಪಾಠ ಅಂದಿದ್ದೆಯಲ್ಲೋ. ಆಸ್ಪತ್ರೇಲಿ ಯಾವ ಪಾಠ ಹೇಳ್ತಾರೆ, ಸಾಯೋದು ಹೇಗೆ ಅಂತಾನಾ?"

"ನಾನು ಸಾಯ್ತಿಲ್ಲ ಅಮ್ಮ."

"ನಿಮ್ಮಪ್ಪನೂ ಹಾಗೇ ಅಂದಿದ್ದ. ಅಂದ ಮರುವಾರ ಮಣ್ಣು ಮಾಡಿದ್ವಿ."

"ಹೇಳಿಬಿಡು ಡೇಲ್" ಎಂದಳು ಲೋರೀನ್. "ಇವತ್ತೇ ಹೇಳಿಬಿಡು, ನನ್ನ ಕೈಲಿ ಇನ್ನು ಆಗಲ್ಲ."

ಡೇಲ್ ತಾಯಿಯ ಮುಖ ನೋಡಿದ, ಅವಳ ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟು ನೋಡಿದ, ಎದ್ದು ಸೌದೆ ಒಡೆಯಲು ಹಿತ್ತಲಿಗೆ ಹೋದ. ತಟ್ಟೆಯಲ್ಲಿ ಕಡುಬಿನ ಹೂರಣವೂ ಅರ್ಧ ಉಳಿದಿತ್ತು, ಮೇಲಿನ ಸಿಪ್ಪೆ ಮುಟ್ಟಿದಂತೆಯೇ ಇರಲಿಲ್ಲ. ಹಾಗಾದರೆ ಸೊಸೆಗೆ ಗೊತ್ತಿದೆ, ನನಗೆ ಮಾತ್ರ ಗೊತ್ತಿಲ್ಲ ಎಂಬುದಷ್ಟೇ ಐಲಿಗೆ ಅಂದು ಗಟ್ಟಿಯಾಗಿ ತಿಳಿದದ್ದು.

ಮರುದಿನದಿಂದ ಮನೆಗೆ ಪಾತ್ರೆಗಳು ಬರತೊಡಗಿದವು. ಆ ಊರಿನಲ್ಲಿ ಯಾರಿಗಾದರೂ ಕಾಯಿಲೆ ಎಂದರೆ ಮೊದಲು ಬರುವುದು ಡಾಕ್ಟರಲ್ಲ, ನೂಡಲ್ಸ್. ಮಾರ್ಜ್ ಬೋವಿನ್ ಎರಡು ಮೊಳದ ತಟ್ಟೆಯಲ್ಲಿ ತಂದಳು. ಅಂಚೆಯವಳು ತಂದಳು. ಪಾದ್ರಿಯ ಹೆಂಡತಿ ಕೇಕು ತಂದಳು, ಅಗ್ನಿಶಾಮಕದವರು ಪೈ ತಂದರು. ಫ್ರಿಜ್ಜು ತುಂಬಿ, ಮೆಟ್ಟಿಲ ಮೇಲೂ ಪಾತ್ರೆ ಸಾಲುಗಟ್ಟಿತು. ತಂದವರೆಲ್ಲ ಬಾಗಿಲಲ್ಲೇ ದನಿ ತಗ್ಗಿಸಿ, "ತಿನ್ನೋಕಾಗ್ತಿದೆಯಾ ಅವನಿಗೆ?" ಎಂದು ಕೇಳುತ್ತಿದ್ದರು. ಡೇಲ್ ಒಂದನ್ನೂ ಮುಟ್ಟಲಿಲ್ಲ. ಲೋರೀನ್ ಕೆಂಪು ಪಟ್ಟಿಯ ಬಾಣಲೆಯಲ್ಲಿ ಅವನಿಗೆ ಮೊಟ್ಟೆ, ಆಲೂಗೆಡ್ಡೆ ಹುರಿದು ಕೊಡುತ್ತಿದ್ದಳು. ಊರ ಜನರ ಮರುಕವನ್ನೆಲ್ಲ ಒಂಬತ್ತು ದಿನ ಐಲಿ, ಬ್ರಿಟಾ ಇಬ್ಬರೇ ತಿಂದು ತೀರಿಸಿದರು.

"ಅಜ್ಜಿ, ನಂಗೆ ನೂಡಲ್ಸ್ ಕನಸಲ್ಲಿ ಬರ್ತಿದೆ" ಎಂದಳು ಬ್ರಿಟಾ.

"ತಿನ್ನು. ಜನ ಕೊಟ್ಟಿದ್ದನ್ನ ಎಸೀಬಾರದು."

ಡೇಲ್ ಸಿಕ್ಕಸಿಕ್ಕವರಿಗೆಲ್ಲ "ನಂಗೇನೂ ಆಗಿಲ್ಲ" ಎನ್ನುತ್ತಿದ್ದ. ಎಷ್ಟು ಗಟ್ಟಿಯಾಗಿ ಹೇಳಿದನೋ ಅಷ್ಟು ಗಟ್ಟಿಯಾಗಿ ಜನ ಅವನ ಹೆಗಲು ತಟ್ಟಿದರು. ಎಂಥ ಗುಂಡಿಗೆ ನೋಡು ಎಂದರು.

ಸೆಪ್ಟೆಂಬರ್ ಮೊದಲ ಶನಿವಾರ ಹಾಪ್ಸ್ ಕೀಳುವ ದಿನ. ಬಿಯರಿಗೆ ಕಹಿ ಕೊಡುವ ಈ ಹಸಿರು ಹೂವನ್ನು ಊರಿನ ಹಿತ್ತಲು ಹಿತ್ತಲಿನಲ್ಲಿ ಬೆಳೆಸಿದ್ದಾರೆ. ಎಲ್ಲ ಮನೆಯವರೂ ಒಂದೇ ದಿನ ಕಿತ್ತು ಗಸ್‌ಗೆ ಕೊಡಬೇಕು, ಅವನು ಅದು ಬಾಡುವ ಮೊದಲು ಹಂಡೆಗೆ ಹಾಕಬೇಕು. ಕಂಗಾಸ್ ಮನೆಯ ಬಳ್ಳಿ ರೈನೋ ನೆಟ್ಟದ್ದು. ಬಿಸಿ ಆವಿಯಲ್ಲಿ ಕೂತು ಮೀಯುವ ಬೆವರುಮನೆಯ ಗೋಡೆ ಹತ್ತಿ ಚಾವಣಿಯ ಮೇಲೆ ಹಬ್ಬಿದೆ. "ನೆರಳಿಗೆ" ಎಂದು ಹೆಂಡತಿಗೆ ಸುಳ್ಳು ಹೇಳಿ ನೆಟ್ಟಿದ್ದ, ನಲವತ್ತು ವರ್ಷ ಐಲಿಯೂ ಅದನ್ನು ನಂಬಿದಂತೆ ನಟಿಸಿ ನೀರು ಹಾಕಿದ್ದಳು. ಆ ಮನೆಗೆ ಬಾಯಿ ಮುಚ್ಚಿಕೊಂಡಿರುವುದು ಹೊಸದೇನಲ್ಲ.

ಏಣಿಯ ಮೇಲೆ ಡೇಲ್, ಕೆಳಗೆ ಬುಟ್ಟಿ ಹಿಡಿದು ಮೂವರು ಹೆಂಗಸರು. ಹನ್ನೊಂದಕ್ಕೆ ಗಸ್ ಪೆಲ್ಕಿ ಗಾಡಿ ತಂದ. ಆಳು ಎಂದರೆ ಆರಡಿ, ಗಡ್ಡ ಹೊಟ್ಟೆಯವರೆಗೆ. ಬುಟ್ಟಿಗಳನ್ನು ಎತ್ತಿಟ್ಟವನು ಹೋಗಲಿಲ್ಲ, ಡೇಲ್‌ನ ಮುಂದೆ ಬಂದು ನಿಂತ.

"ಗಸ್, ನಿನಗೊಂದು ಮಾತು ಹೇಳ್ಬೇಕು" ಎಂದ ಡೇಲ್.

"ಹೇಳೋದೇನೂ ಬೇಡ ಮಾರಾಯ. ನನ್ನ ತಮ್ಮ ಹೋಗೋವಾಗ ನಾನು ಊರಲ್ಲೂ ಇರಲಿಲ್ಲ. ನಿನ್ನ ಸರದೀಲಿ ಹಾಗಾಗಕ್ಕೆ ಬಿಡಲ್ಲ." ಆ ಗಡ್ಡದ ಮನುಷ್ಯ ಡೇಲ್‌ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ. "ಈ ಸಲದ ಬಿಯರಿಗೆ ಹೆಸರು 'ಡೇಲ್‌ನ ಬಳ್ಳಿ' ಅಂತ. ಮೊದಲ ಮಗ್ಗು ನಿಂದು. ನೀನು ಕುಡಿದ ಮೇಲೇ ಊರು ಕುಡಿಯೋದು."

ಡೇಲ್ ಗಾಡಿಯ ಹಿಂಬಾಗಿಲು ಹಾಕಿಕೊಟ್ಟ. ಗಾಡಿ ಹೋದ ಮೇಲೆ ಲೋರೀನ್ ಅವನ ಹತ್ತಿರ ಹೋಗಿ ಹಲ್ಲು ಕಚ್ಚಿ ಹೇಳಿದ್ದು ಐಲಿಗೂ ಕೇಳಿಸಿತು. "ಹೇಡಿ!" ಸಾಯುವ ಗಂಡನಿಗೆ ಹೆಂಡತಿ ಹೀಗೂ ಅನ್ನುತ್ತಾಳೆಯೇ ಎಂದು ಐಲಿಗೆ ತಲೆ ಕೆಟ್ಟುಹೋಯಿತು.

ಮೂರನೇ ಸುರಂಗದ ಸಂಜೆಗೆ ನಾಲ್ಕು ದಿನ ಉಳಿದಿತ್ತು. ಮಾರ್ಜ್ ಫೋನ್ ಮಾಡಿ, ಶುಕ್ರವಾರದ ಸಾರಿಗೆ ಜಿಂಕೆ ಮಾಂಸ ಇದ್ದರೆ ಕೊಡಿ ಎಂದಳು. ಮಾಂಸವಿರುವುದು ಕಾರ್ ಶೆಡ್ಡಿನ ಹಳೆಯ ಪೆಟ್ಟಿಗೆ ಫ್ರೀಜರಿನಲ್ಲಿ. ಅದು ಡೇಲ್‌ನ ರಾಜ್ಯ, ಐಲಿ ಅದರ ಮುಚ್ಚಳ ತೆಗೆದವಳಲ್ಲ. ಅಂದು ತೆಗೆದಳು. ಮೇಲಿನ ಮಾಂಸದ ಪೊಟ್ಟಣಗಳನ್ನು ಸರಿಸಿದರೆ ಕೆಳಗೆ ಪೂರ್ತಿ ಬೇರೆಯದೇ ಪೊಟ್ಟಣಗಳು. ಕಾಗದದಲ್ಲಿ ನೀಟಾಗಿ ಸುತ್ತಿ, ಡೇಲ್‌ನ ಅಕ್ಷರದಲ್ಲಿ ತಾರೀಕು ಬರೆದಿತ್ತು. ಜೂನ್ ಹನ್ನೆರಡು. ಜೂನ್ ಹದಿನೈದು. ಒಂದನ್ನು ಬಿಚ್ಚಿದಳು. ಕಲ್ಲಿನಂತಾದರೂ ಏಲಕ್ಕಿ ವಾಸನೆ ಇನ್ನೂ ಇತ್ತು. ಜೂನ್‌ನಿಂದ ಅವಳು ಡಬ್ಬಿಗೆ ಹಾಕಿಕೊಟ್ಟ ಅರ್ಧರ್ಧ ನಿಸು, ಒಂದೂ ಬಿಡದೆ, ಅಲ್ಲಿ ಮಲಗಿತ್ತು.

ಡೇಲ್ ಕೆಲಸದಿಂದ ಬಂದಾಗ ತಾಯಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಳು. ಮಡಿಲಲ್ಲಿ ಬ್ರೆಡ್ ಇತ್ತು.

"ಗೆಡ್ಡೆ ಹೊಟ್ಟೇಲಾ?" ಎಂದಳು.

"ಅಮ್ಮಾ..."

"ಹೊಟ್ಟೇಲೇ ಇರ್ಬೇಕು. ಇಲ್ಲದಿದ್ರೆ ನನ್ನ ನಿಸು ನೀನು ಬಿಡ್ತಿದ್ದೆಯಾ? ಎಷ್ಟು ದಿನ ಅಂದಿದಾರೆ? ನಂಗೆ ಸುಳ್ಳು ಹೇಳ್ಬೇಡ, ನಿಂಗಿಂತ ಜಾಸ್ತಿ ಹೆಣ ನೋಡಿದೀನಿ."

ಡೇಲ್ ನೆಲದ ಮೇಲೆ ಕುಕ್ಕರಿಸಿದ. "ಗೆಡ್ಡೆ ಇಲ್ಲ ಅಮ್ಮ. ಗೋಧಿ ಆಗಲ್ಲ."

"ಏನು?"

"ಗೋಧಿ ಒಳಗೆ ಹೋದ್ರೆ ನನ್ನ ಕರುಳು ಸುಟ್ಟುಹೋಗುತ್ತಂತೆ. ಬಾರ್ಲಿನೂ ಅಷ್ಟೇ. ಹುಟ್ಟಿನಿಂದ ರಕ್ತದಲ್ಲೇ ಇತ್ತಂತೆ, ಈಗ ಎದ್ದಿದೆ. ಅದಕ್ಕೆ ಔಷಧಿ ಇಲ್ಲ. ಮುಟ್ಟದೇ ಇದ್ರೆ ನೂರು ವರ್ಷ ಬದುಕಬಹುದು. ಮಂಗಳವಾರದ ಪಾಠ ಅದೇ, ಏನು ತಿನ್ಬೇಕು, ಏನು ಬಿಡ್ಬೇಕು ಅಂತ."

"ಬ್ರೆಡ್?"

"ಬ್ರೆಡ್."

"ಪ್ಯಾಸ್ಟಿ?"

"ಅದೂ."

"ಮತ್ತೆ ಬಿಯರ್?"

"ಬಿಯರ್ ಅಂದ್ರೆ ಬಾರ್ಲಿ ನೀರೇ ತಾನೇ."

ಐಲಿ ಮಡಿಲಿನ ಬ್ರೆಡ್ಡನ್ನು ಮತ್ತೆ ಕಾಗದದಲ್ಲಿ ಸುತ್ತಿದಳು. ಮಗ ಬದುಕಿದ ಎಂದು ಕುಣಿಯಬೇಕಿತ್ತು. ನಾಲ್ಕು ವಾರ ದೇವರ ಮುಂದೆ ಬೇಡಿಕೊಂಡದ್ದು ಸಿಕ್ಕಿತ್ತು. ಆದರೆ ಕಣ್ಣಿಗೆ ಕಾಣುತ್ತಿದ್ದದ್ದು ತನ್ನ ಎರಡು ಕೈ ಮಾತ್ರ. ನೋವಾಯಿತೋ ಸಂತೋಷವಾಯಿತೋ ಅವಳಿಗೇ ತಿಳಿಯಲಿಲ್ಲ, ಸಿಟ್ಟಂತೂ ಬಂತು.

"ಅಂದ್ರೆ ನಲವತ್ತೆಂಟು ವರ್ಷ ನಾನೇ ನಿಂಗೆ ವಿಷ ಹಾಕ್ದೆ."

"ನೋಡಿದ್ಯಾ! ಹೀಗಂತೀಯ ಅಂತಲೇ ನಾನು ಹೇಳ್ಲಿಲ್ಲ."

"ತಿನ್ನದಿದ್ರೆ ಎಸೀಬೇಕಿತ್ತು. ಕೂಡಿಟ್ಟಿದ್ದು ಯಾಕೋ ದಡ್ಡ?"

"ನಿನ್ನ ಬ್ರೆಡ್ಡನ್ನ ಕಸಕ್ಕೆ ಹೇಗೆ ಹಾಕಲಿ?"

ಐಲಿ ಬ್ರೆಡ್ಡನ್ನು ಅವನ ಕೈಗಿತ್ತಳು. ಎದ್ದು ಅಡಿಗೆಮನೆಗೆ ಹೋದಳು. ಲೋರೀನ್ ಕೆಂಪು ಪಟ್ಟಿಯ ಬಾಣಲೆ ತೊಳೆಯುತ್ತಿದ್ದಳು.

"ನೀನು ಒಲೆ ಬೇರೆ ಮಾಡ್ತಿದೀಯ ಅಂದ್ಕೊಂಡಿದ್ದೆ ಕಣೇ."

ಲೋರೀನ್ ತಿರುಗಿ ಅತ್ತೆಯ ಮುಖ ನೋಡಿದಳು. ಗೊತ್ತಾಗಿದೆ ಎಂದು ಅವಳಿಗೆ ತಿಳಿಯಿತು. "ಅವನು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದ. ಇಷ್ಟು ಕೆಂಪು ಪಟ್ಟಿ ಯಾಕೆ ಸುತ್ತಿದೆ ಅಂದ್ಕೊಂಡ್ರಿ? ಏನೇ ಇದು ಅಂತ ನೀವು ಕೇಳ್ತೀರ ಅಂತ ಕಾದೆ ಅತ್ತೆ."

"ನೀನೇ ಹೇಳ್ತೀಯ ಅಂತ ನಾನು ಕಾದೆ."

ಆ ಸಂಜೆ ಊಟದ ಮೇಜಿನಲ್ಲಿ ನಾಲ್ವರೂ ಒಟ್ಟಿಗೆ ಮಾತಾಡಿದರು, ಯಾರದೂ ಯಾರಿಗೂ ಕೇಳಿಸಲಿಲ್ಲ.

"ನಿಲ್ಲಿಸಿಬಿಡೋಣ" ಎಂದಳು ಲೋರೀನ್.

"ಹೇಗೆ ನಿಲ್ಲಿಸ್ತೀಯಮ್ಮ? ಬಿಯರ್ ಪೀಪಾಯಿಗೆ ತುಂಬಿದ್ದಾಗಿದೆ" ಎಂದಳು ಬ್ರಿಟಾ. "ಹಂದಿಮಾಂಸ ಲಾಟರಿಗೆ ಬಂದಿದೆ. ವಾಸಿಯಾಯ್ತು ಅಂದುಬಿಡು ಅಪ್ಪ, ಪವಾಡ ಅಂತ."

"ಪವಾಡದ ಹೆಸರಲ್ಲಿ ಊರವರ ದುಡ್ಡು ತಿನ್ನಬೇಕಾ?" ಐಲಿ ಮೇಜು ಕುಟ್ಟಿದಳು. "ಗಸ್ ಹತ್ರ ಹೋಗಿ ನಿಜ ಹೇಳು. ಎರಡು ನಿಮಿಷದ ಕೆಲಸ."

"ಹಲಗೆ ಕೆತ್ತಿದ್ದು ನಾನು ಅಮ್ಮ. ಆ ಹಲಗೆ ಕೆಳಗೆ ನಿಂತು, ನಂಗೆ ಬಾರ್ಲಿ ಆಗಲ್ಲ ಅಂತ ಹೇಗೆ ಹೇಳಲಿ? ಸಾಯೋವರೆಗೂ ನಗ್ತಾರೆ."

"ಈಗ ಸಾಯ್ತೀಯ ಅಂತ ಅಳ್ತಿದಾರಲ್ಲ, ಅದು ವಾಸಿನಾ?"

ಡೇಲ್ ಬುಧವಾರ ಹೋದ, ಬಂದು "ಗಸ್ ಸಿಗಲಿಲ್ಲ" ಎಂದ. ಗುರುವಾರ ಹೋದ, "ಬಿಡುವಿರಲಿಲ್ಲ ಅವನಿಗೆ" ಎಂದ. ಹನ್ನೊಂದು ವರ್ಷದಿಂದ ಗಸ್ ಆ ಕೌಂಟರಿನ ಹಿಂದಿನಿಂದ ಕದಲಿದ್ದಿಲ್ಲ.

ಶುಕ್ರವಾರ ಮಧ್ಯಾಹ್ನ ಐಲಿ ಫ್ರೀಜರಿನ ಬ್ರೆಡ್ಡನ್ನೆಲ್ಲ ಹೊರತೆಗೆದು, ಒಲೆಯಲ್ಲಿ ಬಿಸಿ ಮಾಡಿ, ಹೋಳು ಮಾಡಿ, ಲಾಂಡ್ರಿ ಬುಟ್ಟಿಗೆ ತುಂಬಿ ಮೇಲೊಂದು ಬಟ್ಟೆ ಮುಚ್ಚಿದಳು. ಆಮೇಲೆ ಚರ್ಚಿಗೆ ಹಾಕುವ ನೀಲಿ ಕೋಟು ತೊಟ್ಟಳು.

"ಎಲ್ಲಿಗೆ ಅಜ್ಜಿ?"

"ನಿನ್ನ ಬಿಯರ್ ಮನೆಗೆ. ಊರವರ ಪಾತ್ರೆ ಖಾಲಿ ಮಾಡಿದ್ದೀವಿ, ಬರಿಗೈಲಿ ಹೋಗಕ್ಕಾಗುತ್ತಾ?"

ಒಳಗೆ ಕಾಲಿಡಲು ಜಾಗವಿರಲಿಲ್ಲ. ಐಲಿ ಕಂಗಾಸ್ ಬಾಗಿಲು ದಾಟಿದ್ದು ನೋಡಿ ಅರ್ಧ ಜನ ಎದ್ದುನಿಂತರು. ಪರಿಸ್ಥಿತಿ ಕೈಮೀರಿದೆ ಎಂದೇ ಅವರು ತಿಳಿದುಕೊಂಡರು. ಅವಳ ಚರ್ಚಿನ ಮಾರ್ಜ್ ಲಾಟರಿ ಚೀಟಿ ಮಾರುತ್ತಿದ್ದಳು, ಮಾರುವುದಷ್ಟೇ, ಕುಡಿಯುವುದಿಲ್ಲ ಎಂದು ಮೊದಲೇ ಐಲಿಗೆ ವಿವರಣೆ ಕೊಟ್ಟಳು. ಬ್ರೆಡ್ಡಿನ ಬುಟ್ಟಿ ಕೈಯಿಂದ ಕೈಗೆ ಹೋಯಿತು. ಶಾಲೆಯಲ್ಲಿ ಅವಳ ಕೈಯಡಿಗೆ ಉಂಡಿದ್ದವರೆಲ್ಲ ಬಾಯಿ ತುಂಬ ನಿಸು ತುಂಬಿಕೊಂಡು ಕಣ್ಣೊರೆಸಿಕೊಂಡರು. ಕೌಂಟರಿನ ಮೇಲೆ ಆ ಹಲಗೆ ತೂಗುತ್ತಿತ್ತು. ಅಕ್ಷರ ನಿಜಕ್ಕೂ ಚಂದವಿತ್ತು.

ಗಸ್ ಗಂಟೆ ಬಾರಿಸಿದ. ಗೋಡೆಯಿಂದ ಏಳನೇ ನಂಬರಿನ ಮಗ್ಗು ಇಳಿಸಿ, ಧೂಳು ಒರೆಸಿ, ಹೊಸ ಬಿಯರ್ ತುಂಬಿ, ನೊರೆ ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ಡೇಲ್‌ನ ಮೇಜಿಗೆ ತಂದ.

"ರೈನೋ ನೆಟ್ಟ ಬಳ್ಳಿ, ಮಗ ಕಿತ್ತ ಹೂ. ಕುಡಿ ತಮ್ಮಾ."

ಲೋರೀನ್ ಗಂಡನ ತೋಳು ಹಿಡಿದಳು. "ಬೇಡ. ವಾರ ಹಾಸಿಗೆ ಹಿಡೀತೀಯ."

"ಒಂದೇ ಗುಟುಕು" ಎಂದು ಪಿಸುಗುಟ್ಟಿದ ಡೇಲ್. "ಅವನ ಮುಖ ನೋಡು ಲೋರೀನ್."

ಐಲಿ ಗಸ್‌ನ ಮುಖವನ್ನಲ್ಲ, ಮಗನ ಕೈ ನೋಡಿದಳು. ಮಗ್ಗು ಮೇಲೇಳುತ್ತಿತ್ತು. ಬ್ರೆಡ್ಡು ಕೊಟ್ಟರೆ ಬೇಡ ಅನ್ನಲಾರ, ಬಿಯರ್ ಕೊಟ್ಟರೆ ಬೇಡ ಅನ್ನಲಾರ. ಯಾರು ಏನೇ ಕೊಟ್ಟರೂ ಈ ದಡ್ಡ ಕೈಚಾಚುತ್ತಾನೆ, ಕರುಳು ಸುಟ್ಟುಕೊಂಡಾದರೂ ನಾಲ್ಕು ಜನರ ಮನಸ್ಸು ಕಾಯುತ್ತಾನೆ. ಇವನನ್ನು ಹೀಗೆ ಬೆಳೆಸಿದವಳು ನಾನೇ.

ಎದ್ದು ಮಗನ ಕೈಯಿಂದ ಮಗ್ಗು ಕಿತ್ತುಕೊಂಡು ತಾನೇ ಕುಡಿಯತೊಡಗಿದಳು. ಎಪ್ಪತ್ತನಾಲ್ಕು ವರ್ಷ ಹನಿ ಮುಟ್ಟದವಳು ನಡುವೆ ನಾಲ್ಕು ಸಲ ಉಸಿರೆಳೆದುಕೊಂಡು ಪೂರ್ತಿ ಖಾಲಿ ಮಾಡಿದಳು. ಮಾರ್ಜ್‌ಳ ಕೈಯಿಂದ ಚೀಟಿಗಳೆಲ್ಲ ನೆಲಕ್ಕೆ ಬಿದ್ದವು. ಐಲಿ ಮಗ್ಗನ್ನು ಮೇಜಿನ ಮೇಲೆ ಕುಕ್ಕಿ, ಮೂಗಿನ ಮೇಲಿನ ನೊರೆ ಒರೆಸಿಕೊಂಡಳು.

"ಈಗ ಹೇಳ್ತೀಯೋ, ಇನ್ನೊಂದು ಕುಡೀಲೋ?"

ಡೇಲ್ ಎದ್ದು ನಿಂತ. ಹಲಗೆಯ ಕಡೆ ಬೆರಳು ತೋರಿಸಿದ. "ಅದು... ಅದು ನಾನೇ. ಬಾರ್ಲಿ ಆಗದವನು ನಾನೇ. ಗೋಧಿನೂ ಆಗಲ್ಲ. ಡಾಕ್ಟ್ರು ಹೇಳಿದ ಕಾಯಿಲೆ ಅಷ್ಟೇ. ಬೇರೆ ಏನೂ ಇಲ್ಲ ನಂಗೆ. ನಾಚಿಕೆ ಆಯ್ತು, ಹೇಳ್ಲಿಲ್ಲ."

ಗಸ್ ಖಾಲಿ ಮಗ್ಗು ಎತ್ತಿ ಒಳಗೆ ಇಣುಕಿದ.

"ಅಂದ್ರೆ ನೀನು ಸಾಯಲ್ವಾ?" ಎಂದ ಗಸ್.

"ಸದ್ಯಕ್ಕಿಲ್ಲ."

"ಮತ್ತೆ ನಾನು ಒಂದು ತಿಂಗಳಿಂದ ಯಾರಿಗೋಸ್ಕರ ಅಳ್ತಿದೀನಿ?" ಗಸ್ ಹೆಗಲ ಮೇಲಿನ ಒದ್ದೆ ಬಟ್ಟೆ ತೆಗೆದು ಡೇಲ್‌ಗೆ ಬಾರಿಸಿದ. ಇನ್ನೊಮ್ಮೆ ಬಾರಿಸಿದ. ಮೂರನೆಯದಕ್ಕೆ ಕೈಯೆತ್ತಿದವನು ಅವನನ್ನು ತಬ್ಬಿಕೊಂಡು ಮತ್ತೆ ಅತ್ತ.

ಆಮೇಲೆ ಆ ಮನೆಯಲ್ಲಿ ಏನು ನಡೆಯಿತೆಂದು ಇಬ್ಬರು ಒಂದೇ ಥರ ಹೇಳುವುದಿಲ್ಲ. ನಕ್ಕವರಿದ್ದರು, ಕೋಟು ಹಾಕಿಕೊಂಡು ಹೊರಟವರಿದ್ದರು. "ನನ್ನ ನೂಡಲ್ಸ್ ಹಾಗಾದ್ರೆ ಯಾರು ತಿಂದ್ರು?" ಎಂದು ಮಾರ್ಜ್ ಕೇಳಿದಳು. "ನಾನೇ, ಉಪ್ಪು ಕಮ್ಮಿಯಿತ್ತು" ಎಂದಳು ಐಲಿ, ಬಿಯರ್ ಆಗಲೇ ಕೆಲಸ ಶುರುಮಾಡಿತ್ತು. ಬಂದ ದುಡ್ಡು ಯಾರಿಗೆ ಎಂದು ಜೋರು ಜಗಳವಾಯಿತು. ಹಿಂದಿರುಗಿಸಬೇಕೆಂದು ಕೆಲವರು, ಕುಡಿದದ್ದನ್ನು ಹೇಗೆ ಹಿಂದಿರುಗಿಸುವುದೆಂದು ಕೆಲವರು. ಕೊನೆಗೆ ಶಾಲೆಯ ಅಡಿಗೆಮನೆಗೆ ಹೊಸ ಒಲೆ ಎಂದಾಯಿತು. ಹಲಗೆಯನ್ನು ಯಾರೂ ಇಳಿಸಲಿಲ್ಲ. ಡೇಲ್ ಇಳಿಸಲು ಹೋದರೆ ಗಸ್ ಬಿಡಲಿಲ್ಲ. "ಅಲ್ಲೇ ಇರಲಿ, ಅನುಭವಿಸು. ನಿಂಗೆ ಸೇಬಿನದ್ದು ಏನಾದ್ರೂ ಮಾಡ್ತೀನಿ, ಒಂದು ವರ್ಷ ಕಾಯಿ" ಎಂದ. ಅಲ್ಲಿಯವರೆಗೆ ಏಳನೇ ನಂಬರಿನ ಮಗ್ಗಿನಲ್ಲಿ ಅವನಿಗೆ ನೀರು ಕೊಡುತ್ತಾರೆ. ಕೊಡುವಾಗ ಎಲ್ಲರೂ ಒಟ್ಟಿಗೆ ಕೆರೆಯ ಕಡೆ ಕೈ ತೋರಿಸುತ್ತಾರೆ.

ಮುಂದಿನ ಬುಧವಾರ ಐಲಿ ಅಡಿಗೆಮನೆಯ ಬಾಗಿಲು ಹಾಕಿಕೊಂಡಳು. ಲೋರೀನ್ ಮಾರ್ಕ್ವೆಟ್‌ನಿಂದ ಅಕ್ಕಿಹಿಟ್ಟು ತಂದುಕೊಟ್ಟಿದ್ದಳು. ಲೋಕದಲ್ಲಿ ಅಕ್ಕಿಹಿಟ್ಟಿನಲ್ಲೇ ದಿನಾ ರೊಟ್ಟಿ ತಟ್ಟಿ ತಿನ್ನುವ ಜನರಿದ್ದಾರಂತೆ, ಐಲಿಗೆ ನಂಬಿಕೆ ಬರಲಿಲ್ಲ. ಹಿಟ್ಟು ಹಿಗ್ಗಲಿಲ್ಲ. ಮೂರು ಎಳೆ ಹೆಣೆಯಲು ಹೋದರೆ ಕೈಯಲ್ಲೇ ತುಂಡು ತುಂಡಾಯಿತು. ಐವತ್ತೈದು ವರ್ಷದಿಂದ ಹಿಟ್ಟು ಕಲಸಿದ ಕೈ, ಏನೂ ಬಾರದ ಮದುವಣಗಿತ್ತಿಯ ಕೈಯಂತಾಯಿತು. ಸೊಸೆಯನ್ನು ಕರೆದಳು. ಇಬ್ಬರೂ ಸೇರಿ ಅದನ್ನು ಹೇಗೋ ಒಂದು ಮುದ್ದೆ ಮಾಡಿ, ಏಲಕ್ಕಿ ಹಾಕಿ, ಕೆಂಪು ಪಟ್ಟಿ ಸುತ್ತಿದ ತಟ್ಟೆಯಲ್ಲಿ ಸುಟ್ಟರು.

ಸಂಜೆ ಡೇಲ್ ಬಂದು ಮೇಜಿಗೆ ಕೂತ. ಐಲಿ ಒಂದು ಹೋಳು ಅವನ ಮುಂದಿಟ್ಟು ಎದುರಿಗೇ ನಿಂತಳು. ಅವನು ಕಚ್ಚಿದ, ಬಹಳ ಹೊತ್ತು ಅಗಿದ, ನೀರು ಕುಡಿದು ನುಂಗಿದ.

"ಹೇಗಿದೆ?"

ಡೇಲ್ ತಾಯಿಯ ಮುಖ ನೋಡಿದ. ಅವಳ ಉಗುರಿನ ಸಂದಿಯಲ್ಲಿ ಬಿಳಿ ಹಿಟ್ಟು ನೋಡಿದ.

"ಕೆಟ್ಟದಾಗಿದೆ ಅಮ್ಮ."

ಐಲಿ ಕುರ್ಚಿ ಎಳೆದುಕೊಂಡು ಕೂತಳು. ಜೂನ್‌ನಿಂದೀಚೆಗೆ ಆ ಮನೆಯಲ್ಲಿ ಅವಳಿಗೆ ಸರಿಯಾಗಿ ಅರ್ಥವಾದ ಮೊದಲ ಮಾತು ಅದು.

"ಇನ್ನೊಂದು ಹೋಳು ಹಾಕ್ಲಾ?"

"ಹಾಕು."